ಲಿವರ್ ಡಾಕ್ಟರ್ ಆಗಲು ಹನ್ನೊಂದೂವರೆ ವರ್ಷ ಏಕೆ ಬೇಕು?

ಕಂಪನಿಯವರು ಮಾಡಿಸುವ ವಾರ್ಷಿಕ ತಪಾಸಣೆಯ ವರದಿ ಕೈಗೆ ಬಂದರೆ ಮೊದಲೆಲ್ಲ ಸಕ್ಕರೆ, ಕೊಲೆಸ್ಟರಾಲ್ ಎಷ್ಟಿದೆ ಎಂದು ನೋಡುತ್ತಿದ್ದರು. ಈಗ ಕಣ್ಣು ನೇರ ಅಲ್ಟ್ರಾಸೌಂಡ್ ಹಾಳೆಯ ಕೊನೆಯ ಸಾಲಿಗೆ ಹೋಗುತ್ತದೆ: ‘ಗ್ರೇಡ್ 1 ಫ್ಯಾಟಿ ಲಿವರ್’. 2025ರ ಆರಂಭದಲ್ಲಿ ಹೈದರಾಬಾದ್‌ನ ಐಟಿ ಉದ್ಯೋಗಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದ 345 ಮಂದಿಯಲ್ಲಿ ಶೇ 84ರಷ್ಟು ಜನರ ಲಿವರ್‌ನಲ್ಲಿ ಕೊಬ್ಬು ಹೆಚ್ಚಿತ್ತು. ಸುದ್ದಿ ಬಂದದ್ದೇ ತಡ, ಬೆಂಗಳೂರಿನ ಆಫೀಸುಗಳಲ್ಲೂ ಅದೇ ಮಾತು.

ಮಾತಿನ ಹಿಂದೆಯೇ ಪ್ರಶ್ನೆ ಬರುತ್ತದೆ. ಇದಕ್ಕೆ ಯಾರನ್ನು ನೋಡಬೇಕು? ಮನೆ ಹತ್ತಿರದ ಫಿಸಿಷಿಯನ್ ಸಾಕೇ? ಒಂದು ಆಸ್ಪತ್ರೆಯ ಬೋರ್ಡಿನಲ್ಲಿ ‘ಗ್ಯಾಸ್ಟ್ರೋಎಂಟರಾಲಜಿಸ್ಟ್’ ಎಂದಿದೆ, ಇನ್ನೊಂದರಲ್ಲಿ ‘ಹೆಪಟಾಲಜಿಸ್ಟ್’, ಮತ್ತೊಂದರಲ್ಲಿ ‘ಲಿವರ್ ಟ್ರಾನ್ಸ್‌ಪ್ಲಾಂಟ್ ಸರ್ಜನ್’. ಇವರೆಲ್ಲ ಒಂದೇ ಓದು ಓದಿದವರಲ್ಲ, ಮಾಡುವ ಕೆಲಸವೂ ಒಂದೇ ಅಲ್ಲ. ಲಿವರ್ ವೈದ್ಯರು ಹೇಗೆ ತಯಾರಾಗುತ್ತಾರೆ ಎಂಬುದು ಗೊತ್ತಾದರೆ ಯಾರ ಬಳಿ ಯಾವಾಗ ಹೋಗಬೇಕೆಂಬುದೂ ಅರ್ಧ ಗೊತ್ತಾದಂತೆ.

## ಮೂರು ಬೋರ್ಡು, ಮೂರು ಕೆಲಸ

ಗ್ಯಾಸ್ಟ್ರೋಎಂಟರಾಲಜಿಸ್ಟ್ ಇಡೀ ಜೀರ್ಣಾಂಗಗಳ ವೈದ್ಯರು. ಅನ್ನನಾಳ, ಜಠರ, ಕರುಳು, ಮೇದೋಜೀರಕ ಗ್ರಂಥಿ, ಲಿವರ್ ಎಲ್ಲವೂ ಅವರ ವ್ಯಾಪ್ತಿಗೆ ಬರುತ್ತವೆ. ಹೆಪಟಾಲಜಿಸ್ಟ್ ಅದರಲ್ಲಿ ಲಿವರ್ ಮತ್ತು ಪಿತ್ತನಾಳಗಳನ್ನಷ್ಟೇ ಹಿಡಿದುಕೊಂಡು ಆಳಕ್ಕೆ ಇಳಿದವರು. ಇಬ್ಬರೂ ಹೊಟ್ಟೆ ಕೊಯ್ಯುವುದಿಲ್ಲ. ಔಷಧಿ, ಎಂಡೋಸ್ಕೋಪಿ, ಸೂಜಿಯಿಂದ ಮಾಡುವ ಕೆಲಸಗಳೇ ಇವರ ಸಲಕರಣೆ. ಕೊಯ್ಯುವವರು ಸರ್ಜನ್. ಅವರ ದಾರಿ ಎಂಬಿಬಿಎಸ್ ಆದಕೂಡಲೇ ಬೇರೆಯಾಗುತ್ತದೆ: ಎಂಎಸ್ ಜನರಲ್ ಸರ್ಜರಿ, ಆಮೇಲೆ ಸರ್ಜರಿಯಲ್ಲೇ ಇನ್ನೂ ಮೇಲಿನ ಪದವಿಯಾದ ಎಂಸಿಎಚ್, ಅದರ ಮೇಲೆ ಕಸಿ ಕೇಂದ್ರವೊಂದರಲ್ಲಿ ಹೆಚ್ಚಿನ ತರಬೇತಿ.

ಲಿವರ್‌ಗೆಂದೇ ಒಂದು ಪ್ರತ್ಯೇಕ ಶಾಖೆ ಹುಟ್ಟಿದ್ದು ತೀರಾ ಹಿಂದೇನಲ್ಲ. 1940ರ ದಶಕದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ಎಂಬ ಯುವ ವೈದ್ಯೆ ಪಕ್ಕೆಲುಬಿನ ಸಂದಿಯಿಂದ ಸೂಜಿ ಹಾಕಿ ಲಿವರ್‌ನ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸಕ್ಕೆ ಕೈಹಾಕಿದರು. ಅಲ್ಲಿಯವರೆಗೆ ಲಿವರ್ ಒಳಗೆ ಏನಾಗಿದೆ ಎಂಬುದು ಬಹುಮಟ್ಟಿಗೆ ಶವಪರೀಕ್ಷೆಯಲ್ಲೇ ತಿಳಿಯುತ್ತಿತ್ತು. ಬದುಕಿರುವ ರೋಗಿಯಲ್ಲೇ ಕಾಯಿಲೆಯ ಹಂತ ಗುರುತಿಸಲು ಬಂದಮೇಲೆ ಚಿಕಿತ್ಸೆಯ ಮಾತೂ ಶುರುವಾಯಿತು. ಶೆರ್ಲಾಕ್ 1955ರಲ್ಲಿ ಬರೆದ ಪಠ್ಯಪುಸ್ತಕ ಹಲವು ತಲೆಮಾರಿನ ವೈದ್ಯರಿಗೆ ಲಿವರ್ ಕಲಿಸಿತು. 1959ರಲ್ಲಿ ಅವರು ಬ್ರಿಟನ್ನಿನಲ್ಲಿ ಮೆಡಿಸಿನ್ ಪ್ರೊಫೆಸರ್ ಆದ ಮೊದಲ ಮಹಿಳೆಯೂ ಆದರು.

ಭಾರತದಲ್ಲಿ ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ ಲಿವರ್‌ಗೆ ಪ್ರತ್ಯೇಕ ವಿಭಾಗವಿದೆ. ದೆಹಲಿಯಲ್ಲಿ 2010ರಲ್ಲಿ ಶುರುವಾದ ಐಎಲ್‌ಬಿಎಸ್ ಲಿವರ್ ಮತ್ತು ಪಿತ್ತದ ಕಾಯಿಲೆಗಳಿಗಾಗಿಯೇ ಕಟ್ಟಿದ ಸಂಸ್ಥೆ. ಇಂಥ ಕಡೆ ಎಂಡಿ ಆದಮೇಲೆ ಓದುವ ‘ಡಿಎಂ ಹೆಪಟಾಲಜಿ’ ಎಂಬ ಪದವಿಯೇ ಸಿಗುತ್ತದೆ. ಆದರೆ ಅದರ ಸೀಟುಗಳು ಬಹಳ ಕಡಿಮೆ. ದೇಶದಲ್ಲಿ ಲಿವರ್ ನೋಡುವ ಹೆಚ್ಚಿನ ವೈದ್ಯರ ಪದವಿ ‘ಡಿಎಂ ಗ್ಯಾಸ್ಟ್ರೋಎಂಟರಾಲಜಿ’ಯೇ. ಹಾಗಾಗಿ ಬೋರ್ಡಿನಲ್ಲಿ ಹೆಪಟಾಲಜಿ ಎಂಬ ಪದವಿ ಕಾಣಲಿಲ್ಲವೆಂದು ಅನುಮಾನಪಡುವ ಕಾರಣವಿಲ್ಲ.

## ದೂರು ಹೇಳದ ಅಂಗ

ಓದಿನ ಕಥೆಗೆ ಹೋಗುವ ಮುನ್ನ ಲಿವರ್ ಬಗ್ಗೆ ನಾಲ್ಕು ಮಾತು ಬೇಕು. ಓದು ಇಷ್ಟು ಉದ್ದವಾಗಲು ಕಾರಣ ಇಲ್ಲೇ ಇದೆ.

ವಯಸ್ಕರ ಲಿವರ್ ಸುಮಾರು ಒಂದೂಕಾಲರಿಂದ ಒಂದೂವರೆ ಕೆಜಿ ತೂಗುತ್ತದೆ. ಬಲಗಡೆ ಪಕ್ಕೆಲುಬಿನ ಮರೆಯಲ್ಲಿರುತ್ತದೆ. ಕರುಳು ಹೀರಿಕೊಂಡದ್ದರಲ್ಲಿ ಬಹುಪಾಲು, ಅನ್ನವಾಗಲಿ ಮದ್ಯವಾಗಲಿ ಮಾತ್ರೆಯಾಗಲಿ, ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಇಲ್ಲಿಗೇ ಬರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು, ರಕ್ತದೊಳಗೆ ನೀರನ್ನು ಹಿಡಿದಿಡುವ ಆಲ್ಬುಮಿನ್, ಕೊಬ್ಬು ಜೀರ್ಣಿಸುವ ಪಿತ್ತರಸ ಎಲ್ಲ ಇಲ್ಲೇ ತಯಾರಾಗುತ್ತವೆ. ಮಿದುಳಿಗೆ ವಿಷವಾಗುವ ಅಮೋನಿಯಾ ಇಲ್ಲೇ ಯೂರಿಯಾ ಆಗುತ್ತದೆ.

ಇಷ್ಟೆಲ್ಲ ಮಾಡುವ ಅಂಗಕ್ಕೆ ನೋವು ಹೇಳುವ ಅಭ್ಯಾಸವಿಲ್ಲ. ಅದರ ಹೊದಿಕೆ ಹಿಗ್ಗಿದರೆ ಒಂದಿಷ್ಟು ನೋಯಬಹುದು, ಒಳಗಿನ ಮಾಂಸಕ್ಕೆ ಏನಾದರೂ ಸುಳಿವಿಲ್ಲ. ಸಾಲದ್ದಕ್ಕೆ ಮತ್ತೆ ಬೆಳೆಯುವ ಶಕ್ತಿಯೂ ಇದೆ. ಆದ್ದರಿಂದ ವರ್ಷಗಟ್ಟಲೆ ಪೆಟ್ಟು ತಿಂದರೂ ಕೆಲಸ ನಿಲ್ಲುವುದಿಲ್ಲ. ಪೆಟ್ಟಾದ ಕಡೆ ಗಾಯದ ನಾರು ಕೂಡುತ್ತಾ ಹೋಗಿ ಇಡೀ ಲಿವರ್ ಗಂಟುಗಂಟಾಗಿ ಗಟ್ಟಿಯಾದ ಸ್ಥಿತಿಗೆ ಸಿರೋಸಿಸ್ ಎನ್ನುತ್ತಾರೆ.

ಸಿರೋಸಿಸ್ ಆದಮೇಲೆ ಆಗುವುದನ್ನು ಗದ್ದೆ ಬಲ್ಲವರು ಸುಲಭವಾಗಿ ಹಿಡಿಯುತ್ತಾರೆ. ಕಾಲುವೆಯಲ್ಲಿ ಹೂಳು ತುಂಬಿ ತೂಬಿನಲ್ಲಿ ನೀರು ದಾಟದಿದ್ದರೆ ನೀರು ಸುಮ್ಮನೆ ನಿಲ್ಲುವುದಿಲ್ಲ. ಹಿಂದಕ್ಕೆ ಒತ್ತಿ, ಬದುವಿನ ಸಣ್ಣ ಬಿರುಕು ಹುಡುಕಿ ಪಕ್ಕದ ಗದ್ದೆಗೆ ನುಗ್ಗುತ್ತದೆ. ಗಟ್ಟಿಯಾದ ಲಿವರ್‌ನಲ್ಲಿ ರಕ್ತ ಸಲೀಸಾಗಿ ಹರಿಯದೆ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ರಕ್ತ ಅನ್ನನಾಳದ ತಳದ ತೆಳು ಸಿರೆಗಳಿಗೆ ನುಗ್ಗಿ ಅವು ಉಬ್ಬುತ್ತವೆ. ಅವು ಒಡೆದರೆ ರಕ್ತವಾಂತಿ. ಇದೇ ಒತ್ತಡದಿಂದ, ಜೊತೆಗೆ ಆಲ್ಬುಮಿನ್ ಕೊರತೆಯಿಂದ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಶುದ್ಧವಾಗದ ರಕ್ತ ತಲೆಗೇರಿ ಮಂಪರು ಕವಿಯುತ್ತದೆ. ಮೂತ್ರಪಿಂಡ ಸೊರಗುತ್ತದೆ. ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ಅಂದರೆ ಲಿವರ್ ಕಾಯಿಲೆ ಕೊನೆಗೆ ಹೊರಬೀಳುವುದು ಲಿವರ್‌ನಲ್ಲಲ್ಲ. ಹೊಟ್ಟೆ, ಮಿದುಳು, ಕಿಡ್ನಿ, ಶ್ವಾಸಕೋಶ, ರಕ್ತದಲ್ಲಿ. ಅದಕ್ಕೇ ಈ ವೈದ್ಯರು ಮೊದಲು ಇಡೀ ದೇಹದ ವೈದ್ಯರಾಗಬೇಕು, ಆಮೇಲೆ ಲಿವರ್‌ಗೆ ಬರಬೇಕು.

## ಮೊದಲ ಐದೂವರೆ ವರ್ಷ

ಪಿಯುಸಿ ವಿಜ್ಞಾನ, ನೀಟ್, ಕರ್ನಾಟಕದಲ್ಲಿ ಕೆಇಎ ಕೌನ್ಸೆಲಿಂಗ್, ಎಂಬಿಬಿಎಸ್ ಸೀಟು. ಈ ಭಾಗ ಮನೆಮನೆಗೂ ಗೊತ್ತಿರುವುದೇ. ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಮುಂದಿನ ಪಾಠವೆಲ್ಲ ಬಹುತೇಕ ಇಂಗ್ಲಿಷಿನಲ್ಲಿ.

ಈ ಹಂತದಲ್ಲಿ ಲಿವರ್ ಅನೇಕ ವಿಷಯಗಳ ನಡುವಿನ ಒಂದು ವಿಷಯ ಅಷ್ಟೇ. ಆದರೂ ಒಂದು ಪಾಠ ಇಲ್ಲೇ ಆಗಿಬಿಡುತ್ತದೆ. ವಾರ್ಡಿಗೆ ಕಾಲಿಡುವ ವಿದ್ಯಾರ್ಥಿ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿಕೊಳ್ಳಬೇಕು. ರಕ್ತದ ಸೂಜಿ ಕೈಗೆ ಚುಚ್ಚಿದರೆ ಲಿವರ್‌ಗೆ ಉರಿಯೂತ ತರುವ ಆ ವೈರಸ್ ವೈದ್ಯರಿಗೂ ತಗಲಬಹುದು.

## ಎಂಡಿ: ಇಡೀ ದೇಹ ಕಲಿಯುವ ಮೂರು ವರ್ಷ

ಎಂಬಿಬಿಎಸ್ ನಂತರ ನೀಟ್-ಪಿಜಿ. ಇಲ್ಲಿ ಎಂಡಿ ಜನರಲ್ ಮೆಡಿಸಿನ್ ಸಿಗಬೇಕು. ರೇಡಿಯಾಲಜಿ, ಚರ್ಮರೋಗದಂತೆ ಇದಕ್ಕೂ ಪೈಪೋಟಿ ಜೋರು, ಒಂದೇ ಯತ್ನದಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಮಕ್ಕಳ ಲಿವರ್ ಕಾಯಿಲೆ ನೋಡಬೇಕೆಂದಿರುವವರು ಎಂಡಿ ಪೀಡಿಯಾಟ್ರಿಕ್ಸ್ ಮೂಲಕ ಬರುತ್ತಾರೆ.

ಮೂರು ವರ್ಷ ಜ್ವರ, ಹೃದಯ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಹಾವು ಕಡಿತ, ಡೆಂಗಿ, ಕ್ಷಯ. ಅದರಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮವಿದೆ. ಲಿವರ್ ತಜ್ಞರಾಗುವವರಿಗೆ ಇದೆಲ್ಲ ಏಕೆ ಎಂದರೆ, ಕಾಮಾಲೆಯೊಂದನ್ನೇ ತೆಗೆದುಕೊಳ್ಳಿ. ಹಳದಿ ಕಣ್ಣು ಎಲ್ಲ ಸಲವೂ ಲಿವರ್ ಕಾಯಿಲೆಯಲ್ಲ. ಮಲೇರಿಯಾದಲ್ಲಿ ಕೆಂಪು ರಕ್ತಕಣ ಒಡೆದರೂ ಕಾಮಾಲೆ ಬರುತ್ತದೆ. ಇಲಿಜ್ವರದಲ್ಲೂ ಬರುತ್ತದೆ, ಮಲೆನಾಡು, ಕರಾವಳಿಯ ಗದ್ದೆ ಕೆಲಸದವರಲ್ಲಿ ಮಳೆಗಾಲದಲ್ಲಿ ಅದನ್ನು ಮೊದಲೇ ಅನುಮಾನಿಸಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಬರುತ್ತದೆ, ಕ್ಷಯದ ಮಾತ್ರೆಯಿಂದಲೂ ಬರುತ್ತದೆ. ಇವಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಚಿಕಿತ್ಸೆ. ಇವನ್ನು ಬೇರ್ಪಡಿಸಲು ಕಲಿಯುವುದು ಎಂಡಿಯಲ್ಲಿ.

ಕಣ್ಣಿಗೆ ಕಾಣುವ ಪರೀಕ್ಷೆಗಳನ್ನು ಕೈಗೆ ರೂಢಿಸಿಕೊಳ್ಳುವುದೂ ಇಲ್ಲೇ. ಸಿರೋಸಿಸ್ ರೋಗಿಯ ಎದುರು ಕೂತ ವೈದ್ಯರು ಎರಡೂ ಕೈ ಮುಂದೆ ಚಾಚಿಸಿ, ಪೊಲೀಸರು ವಾಹನ ನಿಲ್ಲಿಸುವ ಹಾಗೆ ಅಂಗೈ ಎತ್ತಿ ಬೆರಳು ಅಗಲಿಸಲು ಹೇಳುತ್ತಾರೆ. ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಮಣಿಕಟ್ಟು ಥಟ್ಟನೆ ಕುಸಿದು ಮತ್ತೆ ಮೇಲೇಳುತ್ತದೆ, ಮತ್ತೆ ಕುಸಿಯುತ್ತದೆ. ಅಮೋನಿಯಾದಂಥ ವಿಷಗಳು ಮಿದುಳಿಗೆ ಏರಿವೆ ಎಂಬುದಕ್ಕೆ ಇದು ಗುರುತು. ಪಕ್ಕದಲ್ಲಿ ನಿಂತ ಹೆಂಡತಿಯನ್ನು ಕೇಳಿದರೆ ‘ಹಗಲೆಲ್ಲ ಮಲಗ್ತಾರೆ ಡಾಕ್ಟ್ರೇ, ರಾತ್ರಿ ನಿದ್ದೇನೇ ಇಲ್ಲ’ ಎನ್ನುತ್ತಾರೆ. ನಿದ್ದೆ ಹೀಗೆ ತಿರುಗುಮುರುಗಾಗುವುದು ಇನ್ನೂ ಮೊದಲಿನ ಸೂಚನೆ. ಮುಂದಿನ ಪ್ರಶ್ನೆ ಮಲಬದ್ಧತೆಯ ಬಗ್ಗೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊಟ್ಟೆ ಖಾಲಿಯಾಗುವಂತೆ ಲ್ಯಾಕ್ಟುಲೋಸ್ ಸಿರಪ್ ಹೊಂದಿಸಿಕೊಟ್ಟರೆ ಎಷ್ಟೋ ಜನ ಮಂಪರಿನಿಂದ ಹೊರಬರುತ್ತಾರೆ. ಇಷ್ಟು ಸರಳ ಚಿಕಿತ್ಸೆಗೆ ದುಬಾರಿ ಯಂತ್ರ ಬೇಡ, ಕೇಳುವ ತಾಳ್ಮೆ ಬೇಕು.

## ಡಿಎಂ: ಇನ್ನೂ ಮೂರು ವರ್ಷ

ಎಂಡಿ ಮುಗಿಸಿದವರಿಗೆ ಮತ್ತೊಂದು ಅಖಿಲ ಭಾರತ ಪರೀಕ್ಷೆ, ನೀಟ್-ಎಸ್‌ಎಸ್. 2017ರಿಂದ ನಡೆಯುತ್ತಿದೆ. ಏಮ್ಸ್, ಪಿಜಿಐ, ಜಿಪ್ಮರ್‌ನಂಥ ಸಂಸ್ಥೆಗಳಿಗೆ ಐಎನ್‌ಐ-ಎಸ್‌ಎಸ್ ಎಂಬ ಬೇರೆ ಪರೀಕ್ಷೆ. ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿಯಂಥ ಕಡೆ ಡಿಎಂ ಗ್ಯಾಸ್ಟ್ರೋಎಂಟರಾಲಜಿ ಇದೆ. ವಿಶ್ವವಿದ್ಯಾಲಯದ ಡಿಎಂ ಬದಲು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಆರ್‌ಎನ್‌ಬಿ ಪದವಿಯೂ ಇದೆ. ಅದೂ ಮೂರು ವರ್ಷದ್ದೇ.

ಲೆಕ್ಕ ಹಾಕಿ: ಐದೂವರೆ, ಮೂರು, ಮೂರು. ಒಂದು ವರ್ಷವೂ ಪೋಲಾಗದಿದ್ದರೆ ಹನ್ನೊಂದೂವರೆ ವರ್ಷ. ಹದಿನೆಂಟಕ್ಕೆ ಹೊರಟವರು ಮೂವತ್ತರ ಹತ್ತಿರ. ನಡುವೆ ಪ್ರವೇಶ ಪರೀಕ್ಷೆಗೆ ಕೂತ ವರ್ಷ, ಸರ್ಕಾರಿ ಸೇವೆಯ ಬಾಂಡ್ ಸೇರಿದರೆ ಮೂವತ್ತೆರಡು ಮೂವತ್ಮೂರು ಆಗುವುದು ಮಾಮೂಲು. ಜೊತೆಗೆ ಓದಿದ ಎಂಜಿನಿಯರ್ ಅಷ್ಟೊತ್ತಿಗೆ ಮನೆ ಸಾಲದ ಅರ್ಧ ಕಂತು ಕಟ್ಟಿರುತ್ತಾನೆ. ಈ ದಾರಿ ಹಿಡಿಯಲು ಹೊರಟ ಮಕ್ಕಳ ತಂದೆತಾಯಿ ಮೊದಲೇ ತಿಳಿದಿರಬೇಕಾದ ಮಾತಿದು.

ಡಿಎಂ ವಿದ್ಯಾರ್ಥಿಯ ದಿನದಲ್ಲಿ ಬೆಳಗಿನ ವಾರ್ಡ್ ರೌಂಡ್ಸ್, ಓಪಿಡಿ, ಎಂಡೋಸ್ಕೋಪಿ ಕೋಣೆ, ಐಸಿಯು ಎಲ್ಲ ಇರುತ್ತದೆ. ಮಾಡಿದ ಪ್ರತಿ ಕೆಲಸವೂ ಲಾಗ್‌ಬುಕ್ಕಿಗೆ ಹೋಗುತ್ತದೆ, ಒಂದು ಪ್ರಬಂಧವನ್ನೂ ಬರೆಯಬೇಕು. ರೇಡಿಯಾಲಜಿಯವರ ಪಕ್ಕ ಕೂತು ಸಿ.ಟಿ. ಓದುವುದನ್ನು, ಪೆಥಾಲಜಿಯವರ ಜೊತೆ ಬಯಾಪ್ಸಿ ನೋಡುವುದನ್ನು ಕಲಿಯುತ್ತಾರೆ. ಫೈಬ್ರೋಸ್ಕ್ಯಾನ್ ಎಂಬ ಯಂತ್ರ ಪಕ್ಕೆಗೆ ಸಣ್ಣ ತಟ್ಟು ಕೊಟ್ಟು, ಆ ಅಲೆ ಎಷ್ಟು ವೇಗದಲ್ಲಿ ಸಾಗಿತು ಎಂಬುದರಿಂದ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೇಳುತ್ತದೆ. ಬಯಾಪ್ಸಿಯ ಅಗತ್ಯವನ್ನು ಇದು ಎಷ್ಟೋ ಕಡಿಮೆ ಮಾಡಿದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗಿಗೆ ಪಕ್ಕೆಯಿಂದ ಸೂಜಿ ಹಾಕುವುದು ಅಪಾಯ. ಅಂಥವರಿಗೆ ಕುತ್ತಿಗೆಯ ಸಿರೆಯಿಂದ ತಂತಿ ಇಳಿಸಿ ಲಿವರ್ ತುಣುಕು ತೆಗೆಯುತ್ತಾರೆ. ರಕ್ತಸ್ರಾವವಾದರೂ ಅದು ಸಿರೆಯೊಳಕ್ಕೇ ಆಗುತ್ತದೆ, ಹೊಟ್ಟೆಯೊಳಕ್ಕಲ್ಲ.

ಹೊಟ್ಟೆಯ ನೀರು ತೆಗೆಯುವುದು ನೋಡಲು ಚಿಕ್ಕ ಕೆಲಸ. ಆದರೆ ಐದು ಲೀಟರಿಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ನರಕ್ಕೆ ಕೊಡಬೇಕು, ಇಲ್ಲದಿದ್ದರೆ ಹೊಟ್ಟೆ ಹಗುರವಾದ ಖುಷಿಯಲ್ಲಿರುವಾಗಲೇ ಕಿಡ್ನಿ ಕೈಕೊಡಬಹುದು. ತೆಗೆದ ನೀರಿನಲ್ಲಿ ಪ್ರತಿ ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು 250 ದಾಟಿದ್ದರೆ ಜ್ವರವಿಲ್ಲದಿದ್ದರೂ ಸೋಂಕು ಎಂದೇ ಲೆಕ್ಕ, ಆ್ಯಂಟಿಬಯಾಟಿಕ್ ಶುರು.

## ರಾತ್ರಿ ಎರಡು ಗಂಟೆಗೆ ಬಂದ ರಕ್ತವಾಂತಿ

ಇವರ ತರಬೇತಿಯ ನಿಜವಾದ ಪರೀಕ್ಷೆ ಪ್ರಶ್ನೆಪತ್ರಿಕೆಯಲ್ಲಿ ಇರುವುದಿಲ್ಲ. ತುರ್ತು ವಿಭಾಗಕ್ಕೆ ಬಕೆಟ್ ಹಿಡಿದುಕೊಂಡೇ ಬರುವ ರೋಗಿಯ ಎದುರು ಇರುತ್ತದೆ.

ಅನ್ನನಾಳದ ಉಬ್ಬಿದ ಸಿರೆ ಒಡೆದಿದೆ. ನೆಂಟರು ‘ಎಷ್ಟು ಬೇಕಾದ್ರೂ ರಕ್ತ ಕೊಡ್ತೀವಿ, ಹಾಕಿ’ ಎನ್ನುತ್ತಾರೆ. ಇಲ್ಲಿ ವೈದ್ಯರು ಕೈ ಬಿಗಿ ಹಿಡಿಯಬೇಕು. ರಕ್ತ ಹೆಚ್ಚು ಹಾಕಿದಷ್ಟೂ ಪೋರ್ಟಲ್ ನಾಳದ ಒತ್ತಡ ಏರಿ, ನಿಂತ ರಕ್ತಸ್ರಾವ ಮತ್ತೆ ಶುರುವಾಗಬಹುದು. ಹಿಮೋಗ್ಲೋಬಿನ್ 7ರಿಂದ 8ರ ನಡುವೆ ಇದ್ದರೆ ಸಾಕು ಎಂಬುದು ಈಗ ಒಪ್ಪಿತ ಮಾತು. ನೆಂಟರಿಗೆ ಇದು ಕ್ರೂರವಾಗಿ ಕೇಳುತ್ತದೆ. ಒತ್ತಡ ತಗ್ಗಿಸುವ ಟರ್ಲಿಪ್ರೆಸಿನ್‌ನಂಥ ಔಷಧಿ, ಸೋಂಕು ತಡೆಯಲು ಆ್ಯಂಟಿಬಯಾಟಿಕ್ ಕೂಡಲೇ ಶುರುವಾಗುತ್ತವೆ. ರಕ್ತದೊತ್ತಡ ಸ್ವಲ್ಪ ಹದಕ್ಕೆ ಬಂದಮೇಲೆ, ಹನ್ನೆರಡು ಗಂಟೆಯೊಳಗೆ ಎಂಡೋಸ್ಕೋಪಿ.

ಎಂಡೋಸ್ಕೋಪಿನ ತುದಿಗೆ ಪಾರದರ್ಶಕ ಟೊಪ್ಪಿ. ಅದರ ಸುತ್ತ ಬಿಗಿದು ಎಳೆದಿಟ್ಟ ಸಣ್ಣ ರಬ್ಬರ್ ಬ್ಯಾಂಡುಗಳು. ಪರದೆಯ ತುಂಬ ರಕ್ತ, ತೊಳೆದಷ್ಟೂ ಮತ್ತೆ ತುಂಬುತ್ತದೆ. ಉಬ್ಬಿದ ಸಿರೆ ಕಂಡ ಕ್ಷಣ ಅದನ್ನು ಟೊಪ್ಪಿಯೊಳಕ್ಕೆ ಹೀರಿ, ಪರದೆ ಪೂರ್ತಿ ಕೆಂಪಾದಾಗ ಹಿಡಿಯ ಬಳಿಯ ಚಕ್ರ ತಿರುಗಿಸಿದರೆ ಒಂದು ಬ್ಯಾಂಡ್ ಜಾರಿ ಸಿರೆಯ ಬುಡಕ್ಕೆ ಬಿಗಿಯುತ್ತದೆ. ಆಮೇಲೆ ಇನ್ನೊಂದು, ಮತ್ತೊಂದು. ಬಿಗಿದ ಭಾಗ ಕೆಲವು ದಿನದಲ್ಲಿ ಒಣಗಿ ಉದುರುತ್ತದೆ. ಜಠರದಲ್ಲಿ ಒಡೆದ ಸಿರೆಗಾದರೆ ಬ್ಯಾಂಡ್ ಅಷ್ಟು ಸಾಲದು, ಥಟ್ಟನೆ ಗಟ್ಟಿಯಾಗುವ ಅಂಟು ಚುಚ್ಚುತ್ತಾರೆ. ಕೈಚಳಕ ಕೆಲವು ತಿಂಗಳಲ್ಲಿ ಬರುತ್ತದೆ ಎನ್ನೋಣ. ಯಾರಿಗೆ ಈಗಲೇ ಎಂಡೋಸ್ಕೋಪ್ ಇಳಿಸಬೇಕು, ಯಾರನ್ನು ಒಂದು ಗಂಟೆ ಸುಧಾರಿಸಿಕೊಳ್ಳಲು ಬಿಡಬೇಕು ಎಂಬ ತೀರ್ಮಾನಕ್ಕೆ ಮಾತ್ರ ಹಿಂದಿನ ಎಂಡಿಯ ಮೂರು ವರ್ಷವೂ ಬೇಕು.

## ಕಸಿ: ಯಾರಿಗೆ, ಯಾವಾಗ

ಲಿವರ್ ಕಸಿಯೆಂದರೆ ಸರ್ಜನ್ ನೆನಪಾಗುತ್ತಾರೆ. ಆದರೆ ಕಸಿ ಯಾರಿಗೆ ಬೇಕು, ಯಾವ ವೇಳೆಗೆ ಬೇಕು ಎಂದು ಮೊದಲು ಹೇಳುವವರು ಹೆಪಟಾಲಜಿಸ್ಟ್. ತೀರಾ ಬೇಗ ಮಾಡಿದರೆ ಇನ್ನೂ ವರ್ಷಗಟ್ಟಲೆ ನಡೆಯಬಹುದಾಗಿದ್ದ ಲಿವರ್ ತೆಗೆದಂತೆ. ತಡವಾದರೆ ರೋಗಿ ಶಸ್ತ್ರಚಿಕಿತ್ಸೆ ತಡೆಯಲಾರ.

ಈ ಅಂದಾಜಿಗೆ ಮೆಲ್ಡ್ ಎಂಬ ಅಂಕಿ ಇದೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್, ಕಿಡ್ನಿಯ ಕ್ರಿಯೇಟಿನಿನ್ ಈ ಮೂರನ್ನು ಸೂತ್ರಕ್ಕೆ ಹಾಕಿದರೆ 6ರಿಂದ 40ರವರೆಗಿನ ಸಂಖ್ಯೆ ಬರುತ್ತದೆ. ಹೆಚ್ಚಿದಷ್ಟೂ ಮುಂದಿನ ಮೂರು ತಿಂಗಳಲ್ಲಿ ಸಾವಿನ ಸಂಭವ ಹೆಚ್ಚು. ಸಾಮಾನ್ಯವಾಗಿ 15 ಮುಟ್ಟಿದಾಗ ಕಸಿಯ ಮಾತು ಎತ್ತುತ್ತಾರೆ. ಅಮೆರಿಕದಲ್ಲಿ 2002ರಿಂದ ಸರದಿ ನಿರ್ಧಾರವಾಗುತ್ತಿರುವುದು ಇದನ್ನೇ ಆಧರಿಸಿ. ಸೂತ್ರಕ್ಕೆ ಆಮೇಲೆ ತಿದ್ದುಪಡಿಗಳೂ ಆಗಿವೆ. ಸಂಖ್ಯೆಯೇ ಎಲ್ಲವೂ ಅಲ್ಲ. ಲಿವರ್ ಕ್ಯಾನ್ಸರ್ ಇರುವವರಲ್ಲಿ, ಪದೇ ಪದೇ ಮಂಪರಿಗೆ ಜಾರುವವರಲ್ಲಿ ಮೆಲ್ಡ್ ಕಡಿಮೆಯಿದ್ದರೂ ಕಸಿ ಬೇಕಾಗಬಹುದು.

ಭಾರತದ ಮೊದಲ ಯಶಸ್ವಿ ಲಿವರ್ ಕಸಿ 1998ರಲ್ಲಿ ದೆಹಲಿಯಲ್ಲಿ ನಡೆಯಿತು. ಎರಡು ವರ್ಷವೂ ತುಂಬದ ಮಗುವಿಗೆ ತಂದೆ ತಮ್ಮ ಲಿವರ್‌ನ ಭಾಗ ಕೊಟ್ಟಿದ್ದರು. ಆ ಹುಡುಗ ಬೆಳೆದು ತಾನೇ ಡಾಕ್ಟರಾದ. ಇಂದಿಗೂ ನಮ್ಮಲ್ಲಿ ಹೆಚ್ಚಿನ ಕಸಿಗೆ ಲಿವರ್ ಬರುವುದು ಬದುಕಿರುವ ಹತ್ತಿರದ ಸಂಬಂಧಿಕರಿಂದ. ದಾನಿಯ ಲಿವರ್‌ನ ಅರ್ಧಕ್ಕಿಂತ ಹೆಚ್ಚು ತೆಗೆಯುವುದೂ ಉಂಟು, ಆದರೆ ಕನಿಷ್ಠ ಶೇ 30–35 ಭಾಗ ದಾನಿಯಲ್ಲೇ ಉಳಿಯಬೇಕು. ಉಳಿದದ್ದು ವಾರಗಳಲ್ಲಿ ಬೆಳೆಯತೊಡಗುತ್ತದೆ. ಹಾಗೆಂದು ದಾನಿಗೆ ಅಪಾಯವೇ ಇಲ್ಲ ಎನ್ನುವಂತಿಲ್ಲ. ಪ್ರಾಣಾಪಾಯದ ಪ್ರಮಾಣ ಸಣ್ಣದು, ಆದರೆ ಸೊನ್ನೆಯಲ್ಲ. ಅದನ್ನು ದಾನಿಗೆ ಒಬ್ಬರೇ ಇರುವಾಗ, ಮನೆಯವರ ಒತ್ತಡವಿಲ್ಲದ ಹೊತ್ತಿನಲ್ಲಿ ಬಿಡಿಸಿ ಹೇಳುವುದೂ ಈ ತಂಡದ ಕೆಲಸ.

ಮಿದುಳು ನಿಷ್ಕ್ರಿಯಗೊಂಡವರಿಂದ ಅಂಗ ಪಡೆಯಲು 1994ರ ಕಾಯ್ದೆ ಅವಕಾಶ ಕೊಟ್ಟಿದೆ. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢೀಕರಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ಕರ್ನಾಟಕದಲ್ಲಿ ಇಂಥ ಅಂಗಗಳ ನೋಂದಣಿ, ಸರದಿ ನೋಡಿಕೊಳ್ಳುವುದು ‘ಜೀವಸಾರ್ಥಕತೆ’.

ಕುಡಿತದಿಂದ ಲಿವರ್ ಹಾಳಾದವರ ವಿಷಯ ಸೂಕ್ಷ್ಮ. ಆರು ತಿಂಗಳು ಮದ್ಯ ಮುಟ್ಟಿರಬಾರದು ಎಂಬ ಷರತ್ತು ಬಹುಕಾಲ ನಡೆದುಬಂದಿದೆ. ಆದರೆ ಕೆಲವರಿಗೆ ಆರು ತಿಂಗಳ ಆಯಸ್ಸೇ ಇರುವುದಿಲ್ಲ. ಹಾಗಾಗಿ ಮನೋವೈದ್ಯರನ್ನೂ ಕೂರಿಸಿಕೊಂಡು ಒಬ್ಬೊಬ್ಬರ ವಿಷಯವನ್ನೂ ಬೇರೆಬೇರೆಯಾಗಿ ನೋಡುವ ಕಡೆಗೆ ಈಗ ಒಲವಿದೆ. ಕಸಿಯಾದ ಮೇಲೆ ಸರ್ಜನ್ ಕೆಲಸ ಮುಗಿಯುತ್ತದೆ. ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಮಾತ್ರೆಯ ಪ್ರಮಾಣ ಹದ ಮಾಡುತ್ತಾ ಹೋಗುವುದು ಹೆಪಟಾಲಜಿಸ್ಟ್‌ಗೆ ಆ ರೋಗಿ ಬದುಕಿರುವಷ್ಟು ಕಾಲದ ನಂಟು.

## ಕಿರುನೆಲ್ಲಿ, ಅಮೃತಬಳ್ಳಿ ಮತ್ತು ಪಥ್ಯ

ನಮ್ಮ ಕಡೆ ಲಿವರ್ ಡಾಕ್ಟರ ಓಪಿಡಿಯಲ್ಲಿ ದಿನವೂ ಬರುವ ಮಾತು ನಾಟಿ ಔಷಧಿಯದು. ಕಾಮಾಲೆಗೆ ಕಿರುನೆಲ್ಲಿ ಅರೆದು ಕುಡಿಸದ ಊರು ಕಡಿಮೆ. ಅದನ್ನು ವಿಜ್ಞಾನ ತಿರುಗಿಯೂ ನೋಡಲಿಲ್ಲ ಎಂಬುದು ತಪ್ಪು. ಹೆಪಟೈಟಿಸ್ ಬಿ ವೈರಸ್ ಪತ್ತೆಗೆ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಅವರೇ ಮದ್ರಾಸಿನ ಸಂಶೋಧಕರ ಜೊತೆ ಸೇರಿ ಕಿರುನೆಲ್ಲಿಯನ್ನು ಆ ವೈರಸ್ ಇರುವವರಲ್ಲಿ ಪರೀಕ್ಷಿಸಿ 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದ್ದರು. ಬೇರೆ ಕಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಊರಲ್ಲಿ ಅದರ ಹೆಸರು ಉಳಿದಿರುವುದಕ್ಕೆ ಕಾರಣ ಬೇರೆ: ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಆ ಹೊತ್ತಿನಲ್ಲಿ ಏನು ಕುಡಿದಿದ್ದರೂ ಕೀರ್ತಿ ಅದಕ್ಕೆ. ಹೆಪಟೈಟಿಸ್ ಇ ಮಾತ್ರ ಗರ್ಭಿಣಿಯರಿಗೆ ಅಪಾಯಕಾರಿ, ಅಲ್ಲಿ ಕಾಯುತ್ತಾ ಕೂರಬಾರದು.

ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕಷಾಯ ಮನೆಮನೆಗೆ ಬಂತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡಿದೆ ಎಂದು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ತರಬೇತಿ ಪಡೆದ ವೈದ್ಯರು ಇಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. ಯಾವಾಗ ಶುರುಮಾಡಿದಿರಿ, ಎಷ್ಟು ದಿನ, ಜೊತೆಗೆ ಜಿಮ್ ಪುಡಿ, ನೋವಿನ ಮಾತ್ರೆ ಇತ್ತೇ ಎಂದು ಕೇಳಿ ದಿನಾಂಕ ಬರೆದುಕೊಳ್ಳುತ್ತಾರೆ. ಔಷಧಿಯಿಂದಾದ ಹಾನಿಗೆ ಒಂದೇ ರಕ್ತಪರೀಕ್ಷೆಯ ಪುರಾವೆ ಇಲ್ಲ, ಈ ದಿನಾಂಕಗಳೇ ಮುಖ್ಯ ಆಧಾರ. ಗೊಂದಲವೇ ಇಲ್ಲದ ವಿಷವೂ ಒಂದಿದೆ: ಹಳದಿ ರಂಜಕವಿರುವ ಇಲಿ ಪಾಷಾಣ. ನುಂಗಿದ ಮೊದಲ ದಿನ ರೋಗಿ ಆರಾಮಾಗಿ ಕಾಣುತ್ತಾರೆ, ಲಿವರ್ ಕುಸಿಯುವುದು ಆಮೇಲೆ. ‘ಚೆನ್ನಾಗಿದ್ದಾರಲ್ಲ’ ಎಂದು ಮನೆಗೆ ಕರೆದೊಯ್ಯುವುದು ಇಲ್ಲಿ ಪ್ರಾಣಕ್ಕೇ ಬರುತ್ತದೆ.

ಪಥ್ಯದ ಬಗ್ಗೆ ವೈದ್ಯಲೋಕವೂ ಹಿಂದೆ ಸರಿದಿದೆ. ಸಿರೋಸಿಸ್ ರೋಗಿಗೆ ಪ್ರೋಟೀನ್ ಕೊಡಬೇಡಿ ಎನ್ನುತ್ತಿದ್ದ ಕಾಲವಿತ್ತು. ಈಗಿನ ಸಲಹೆ ತದ್ವಿರುದ್ಧ: ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುಂಚೆ ಏನಾದರೂ ತಿನ್ನಬೇಕು. ಬರೀ ಗಂಜಿ, ಮಜ್ಜಿಗೆ ಅನ್ನದಲ್ಲಿ ಇಟ್ಟರೆ ಸ್ನಾಯು ಕರಗಿ ಕಾಯಿಲೆ ಬಿಗಡಾಯಿಸುತ್ತದೆ. ಇದನ್ನು ಅಜ್ಜಿಯಂದಿರಿಗೆ ಒಪ್ಪಿಸುವುದು ಬ್ಯಾಂಡ್ ಹಾಕುವುದಕ್ಕಿಂತ ಕಷ್ಟವೇನೋ.

## ಓದು ಮುಗಿದ ಮೇಲೆ

ಡಿಎಂ ಮುಗಿಸಿದವರಿಗೆ ಮೆಡಿಕಲ್ ಕಾಲೇಜಿನ ಬೋಧಕ ಹುದ್ದೆ, ಖಾಸಗಿ ಆಸ್ಪತ್ರೆ, ಕಸಿ ಕೇಂದ್ರ, ಸಂಶೋಧನೆ ಎಂಬ ದಾರಿಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಜೀರ್ಣಾಂಗ ಮತ್ತು ಅಂಗಾಂಗ ಕಸಿಗಾಗಿ ಸರ್ಕಾರದ ಸಂಸ್ಥೆಯೊಂದು ಇದೆ. ಆದರೆ ಕಸಿ ಕೇಂದ್ರಗಳು, ಅವುಗಳ ಹಿಂದೆ ತಜ್ಞರು ರಾಜಧಾನಿಯಲ್ಲೇ ಗುಂಪುಗೂಡಿರುವುದು ನಿಜ. ದೂರದ ಜಿಲ್ಲೆಯವರಿಗೆ ಇದು ರಾತ್ರಿ ಬಸ್ಸಿನ ಪ್ರಯಾಣ.

ಅಮೆರಿಕಕ್ಕೆ ಹೋಗುವವರು ಅಲ್ಲಿನ ಪರವಾನಗಿ ಪರೀಕ್ಷೆ ಬರೆದು, ಇಂಟರ್ನಲ್ ಮೆಡಿಸಿನ್ ಮೂರು ವರ್ಷ, ಗ್ಯಾಸ್ಟ್ರೋಎಂಟರಾಲಜಿ ಮೂರು ವರ್ಷ, ಕಸಿ ಹೆಪಟಾಲಜಿಗೆ ಮತ್ತೊಂದು ವರ್ಷ ಕಲಿಯುವುದು ವಾಡಿಕೆ. ಇಲ್ಲಿಯ ಎಂಡಿ ಅಲ್ಲಿ ಸಾಮಾನ್ಯವಾಗಿ ರೆಸಿಡೆನ್ಸಿಗೆ ಬದಲಾಗುವುದಿಲ್ಲ.

ಈ ವೃತ್ತಿಯ ರೋಗಿಗಳೂ ಬದಲಾಗಿದ್ದಾರೆ. 1989ರಲ್ಲಿ ಗುರುತು ಸಿಕ್ಕ ಹೆಪಟೈಟಿಸ್ ಸಿ ವೈರಸ್‌ಗೆ ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಇಂಜೆಕ್ಷನ್ ಬೇಕಿತ್ತು, ಜ್ವರ, ಖಿನ್ನತೆ ಜೊತೆಗೆ ಬರುತ್ತಿದ್ದವು. ಈಗ ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರರಲ್ಲಿ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಮಾತ್ರೆ ಉಚಿತ. ಆ ಜಾಗಕ್ಕೆ ಈಗ ಕೊಬ್ಬಿನ ಲಿವರ್ ಬಂದು ಕೂತಿದೆ. ಅದಕ್ಕೆ ಹನ್ನೆರಡು ವಾರದ ಮಾತ್ರೆ ಇಲ್ಲ.

## ನಿಮ್ಮ ವರದಿ ಹಿಡಿದು ಯಾರ ಬಳಿಗೆ?

ಅಲ್ಟ್ರಾಸೌಂಡಿನ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಎಂದು ಮಾತ್ರ. ಗಾಯದ ನಾರು ಕೂಡಿದೆಯೇ ಎಂಬುದು ಬೇರೆ ಪ್ರಶ್ನೆ, ತಜ್ಞರಿಗೆ ಬೇಕಾದ ಪ್ರಶ್ನೆಯೂ ಅದೇ. ಅದಕ್ಕೆ ಫಿಬ್-4 ಎಂಬ ಸುಲಭ ಲೆಕ್ಕವಿದೆ. ವಯಸ್ಸು, ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳ ಮಟ್ಟ, ಪ್ಲೇಟ್‌ಲೆಟ್ ಸಂಖ್ಯೆ ಇಷ್ಟೇ ಸಾಕು, ವಯಸ್ಸು ಬಿಟ್ಟು ಎಲ್ಲವೂ ಮಾಮೂಲಿ ರಕ್ತಪರೀಕ್ಷೆಯಲ್ಲೇ ಇರುತ್ತವೆ. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನಿಮ್ಮ ಫಿಸಿಷಿಯನ್ ಸಾಕು: ತೂಕ ಇಳಿಸುವುದು, ಸಕ್ಕರೆ, ಕೊಲೆಸ್ಟರಾಲ್ ಹಿಡಿತ, ಮದ್ಯ ಬಿಡುವುದು. ದೇಹತೂಕದ ಶೇ 7ರಿಂದ 10 ಇಳಿದರೆ ಲಿವರ್ ಉರಿಯೂತ ತಗ್ಗುತ್ತದೆ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಚಿಕ್ಕಮಗಳೂರಿನವರು ಖುಷಿಪಡಬಹುದು, ಸಕ್ಕರೆ ಹಾಕದಿದ್ದರೆ. ಉತ್ತರ 2.67 ದಾಟಿದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಅಥವಾ ಹೆಪಟಾಲಜಿಸ್ಟ್ ಬಳಿ ಹೋಗಿ. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ ಮಾಡಿಸುವಂತೆ ಫಿಸಿಷಿಯನ್ನರೇ ಹೇಳುತ್ತಾರೆ. ಅರವತ್ತೈದು ದಾಟಿದವರಲ್ಲಿ ವಯಸ್ಸಿನಿಂದಲೇ ಈ ಅಂಕಿ ಏರುವುದರಿಂದ ಅಷ್ಟಕ್ಕೇ ಹೆದರಬೇಕಿಲ್ಲ.

ಕಣ್ಣು ಹಳದಿಯಾಗಿ ಮಾತು ತೊದಲಿದರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ ಓಪಿಡಿ ಟೋಕನ್ ಕಾಯಬೇಡಿ, ತುರ್ತು ವಿಭಾಗಕ್ಕೇ ಹೋಗಿ.

ಬೋರ್ಡ್ ಓದುವಾಗ ಎಂಬಿಬಿಎಸ್, ಎಂಡಿ, ಅದರ ಮುಂದೆ ಡಿಎಂ ಅಥವಾ ಡಿಆರ್‌ಎನ್‌ಬಿ ಇದೆಯೇ ನೋಡಿ. ಕೆಲವು ವಾರ, ತಿಂಗಳ ಫೆಲೋಶಿಪ್ ಹೆಸರುಗಳು ಇವುಗಳ ಜೊತೆಗಿದ್ದರೆ ಒಳ್ಳೆಯದೇ, ಇವುಗಳ ಬದಲಿಗೆ ಇದ್ದರೆ ಕೇಳಿ ತಿಳಿಯಿರಿ. ಅನುಮಾನವಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರ ನೋಂದಣಿ ವಿಚಾರಿಸಬಹುದು. ಹೋಗುವ ದಿನ ಹಳೆಯ ವರದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಳ್ಳಿ. ಮನೆಯಲ್ಲಿ ನುಂಗುತ್ತಿರುವ ಮಾತ್ರೆ, ಪುಡಿ, ಕಷಾಯದ ಬಾಟಲಿ ಏನೇನಿದೆಯೋ ಅಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಬೈಯುತ್ತಾರೆಂದು ಯಾವುದನ್ನೂ ಬಚ್ಚಿಡಬೇಡಿ.